ಚೆನ್ನಿಗ ಹೂವಿನಂಗಡಿಯಲ್ಲಿ ಕೂತದ್ದು

ಬನ್ರಪ್ಪಾ, ಹತ್ತಿರ ಕೂತ್ಕೊಳ್ಳಿ! ನಿಮ್ಮ ಈ ಮಾಮ ಹುಟ್ಟಿದಾಗಿನಿಂದ ಸುಳ್ಳು ಹೇಳಿದವನಲ್ಲ. ನಿಜಕ್ಕೇ ಒಂದಿಷ್ಟು ನೀರೆರೆದು ಬೆಳೆಸುತ್ತೇನೆ, ಅಷ್ಟೇ.

ನಮ್ಮ ಪೇಟೆಬೀದಿಯಲ್ಲಿ ತಾಯವ್ವನ ಹೂವು-ಗಿಡದ ಅಂಗಡಿ. ಅದರ ಮಲ್ಲಿಗೆಯ ಘಮಕ್ಕೆ ಮೂರೂರಿನ ದುಂಬಿಗಳು ದಾರಿ ತಪ್ಪುತ್ತಿದ್ದವು. ಎಷ್ಟನ್ನೋ ನಾನೇ ಮನೆ ಮುಟ್ಟಿಸಿ ಬಂದಿದ್ದೇನೆ! ಪ್ಲಾಸ್ಟಿಕ್ ಅಂದರೆ ತಾಯವ್ವನಿಗೆ ಆಗದು. ಅಂಗಡಿ ಚೆನ್ನ. ಮಗ ಚೆನ್ನಿಗ? ಅಯ್ಯೋ! ಮೀಸೆ ಬಂದು ಹತ್ತು ವರ್ಷ, ಬುದ್ಧಿ ಇನ್ನೂ ದಾರಿಯಲ್ಲೇ ಇದೆ.

ಒಂದಿನ ಮದುವೆ ಛತ್ರದ ಒಡತಿ ಸರ್ವಮಂಗಳಮ್ಮ ಬಂದರು. "ತಾಯವ್ವಾ, ನನ್ನ ಮಗಳು ಪ್ಲಾಸ್ಟಿಕ್ ಹೂವು ಕಂಡರೆ ಹಸೆಮಣೆ ಏರಲ್ಲ ಅಂತಾಳೆ. ಅವಳ ಮದುವೆಗೆ ನಿನ್ನ ಹೂವು. ಚೆನ್ನಾಗಿ ನಡೆದರೆ ವರ್ಷಪೂರ್ತಿ ಛತ್ರಕ್ಕೆಲ್ಲ ನಿನ್ನದೇ. ಕೆಟ್ಟರೆ ಎದುರಂಗಡಿಯ ಪ್ಲಾಸ್ಟಿಕ್ಕೇ!"

ತಾಯವ್ವ ಮಗನ ಕಿವಿ ಹಿಂಡಿದಳು. "ಲೋ, ಅವರು ಏನು ಕೇಳಿದರೂ ಮೊಳ ಹಾಕಿ ಕತ್ತರಿಸಿಕೊಡು!"

"ಆಗಲಿ ಕಣವ್ವಾ!"

ಮಾರನೇ ದಿನ ಸರ್ವಮಂಗಳಮ್ಮನವರು ಮಲ್ಲಿಗೆ ಗಿಡ ಕೇಳಿದರು. ಚೆನ್ನಿಗ ಮೊಳಕೈ ಊರಿ ಅಳೆದ, ಕಚಕ್! ಎರಡು ಮೊಳ ಗಿಡ ಕೊಟ್ಟ. ಬೇರು ಕುಂಡದಲ್ಲೇ ಉಳಿಯಿತು!

ತಾಯವ್ವ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಮಣ್ಣು ಹಾಕಿ, ನೀರು ಹುಯ್ದು ಕೊಡಬೇಕು ಕಣೋ!"

"ಆಗಲಿ ಕಣವ್ವಾ!"

ಮಾರನೇ ದಿನ ಅಮ್ಮನವರು ಮುಡಿಯೋಕೆ ಕನಕಾಂಬರದ ದಂಡೆ ಕೇಳಿದರು. ಚೆನ್ನಿಗ ಒಂದು ಬೊಗಸೆ ಕೆಮ್ಮಣ್ಣು ಹಾಕಿದ, ಒಂದು ಚೊಂಬು ನೀರು ಹುಯ್ದ, ಮುಡಿಗೇ ನೆಟ್ಟ! ಅಮ್ಮನವರ ಬೆನ್ನ ಮೇಲೆ ಕೆಸರಿನ ಕಾಲುವೆ!

"ಮುಂಡೇದೇ! ಬಾಡೋ ವಸ್ತುವಿಗೆ ನೀರು ಚಿಮುಕಿಸಿ, ಬಾಳೆಲೆ ಸುತ್ತಿ, ಬಾಳೆನಾರಲ್ಲಿ ಬಿಗಿಯಬೇಕು!"

"ಆಗಲಿ ಕಣವ್ವಾ!"

ಮಾರನೇ ದಿನ ಬಂದವರು ಅಮ್ಮನವರ ಯಜಮಾನರು, ರುದ್ರಯ್ಯ. "ಉಸ್ಸಪ್ಪಾ! ಬಿಸಿಲಿಗೆ ಬಾಡಿ ಬೆಂಡಾದೆ ಕಣಯ್ಯಾ!" ಅಂದರು.

ಅಷ್ಟು ಸಾಕಾಯಿತು! ನೀರು ಚಿಮುಕಿಸಿದ, ಬಾಳೆಲೆ ಸುತ್ತಿದ, ನಾರಲ್ಲಿ ಬಿಗಿದ. ರುದ್ರಯ್ಯನವರು ಮೀಸೆ ಇರುವ ಕಡುಬಾದರು! ಮೀಸೆಯೊಂದನ್ನೇ ಆಡಿಸುತ್ತಾ ಮನೆಗೆ ಹೋದರೆ ಮದುವಣಗಿತ್ತಿ ಬಿದ್ದು ಬಿದ್ದು ನಕ್ಕಳು. "ಅಪ್ಪಯ್ಯನನ್ನೂ ಪ್ಲಾಸ್ಟಿಕ್ಕಲ್ಲಿ ಸುತ್ತಿಲ್ಲ ನೋಡಮ್ಮಾ! ಹೂವು ಇವರದೇ ಆಗಬೇಕು!"

ತಾಯವ್ವನಿಗೆ ಜೀವ ಬಂತು. ಮದುವೆ ದಿನ ಬೆಳಗ್ಗೆಯೇ ಮಗನನ್ನು ನಿಲ್ಲಿಸಿಕೊಂಡಳು. "ಯಾರಿಗೂ ಏನೂ ಸುತ್ತಬೇಡ! ತಾಳಿ ಕಟ್ಟೋವರೆಗೂ ಕೈಕಟ್ಟಿ ನಿಂತಿರು. ಆಮೇಲೆ ಹೂವಿರೋದನ್ನೆಲ್ಲ ತಳ್ಳುಗಾಡಿಗೆ ಹಾಕ್ಕೊಂಡು ನಮ್ಮ ಗೊಬ್ಬರದ ಗುಂಡಿಗೆ ತಾ. ದಾರೀಲಿ ಒಂದೆಸಳು ಉದುರಿಸಿದೆಯೋ, ಅನ್ನ ಇಲ್ಲ!"

"ಆಗಲಿ ಕಣವ್ವಾ!"

ಛತ್ರವೆಲ್ಲ ಘಮಘಮ! ತಾಳಿ ಕಟ್ಟಿದ್ದಾಯಿತು. ಸರ್ವಮಂಗಳಮ್ಮ ತಾಯವ್ವನ ಕೈ ಹಿಡಿದು, "ಒಪ್ಪಿದೆ ಕಣೇ! ವರ್ಷಪೂರ್ತಿ ನಿನ್ನದೇ..." ಅನ್ನುವಷ್ಟರಲ್ಲಿ ಹೊರಗೆ ಬ್ಯಾಂಡು ಡಂಡಂ!

ಓಡಿ ನೋಡಿದರೆ, ಚೆನ್ನಿಗ ತಳ್ಳುತ್ತಿರುವ ಗಾಡಿಯ ಮೇಲೆ ಗಂಡು-ಹೆಣ್ಣು! ಕೊರಳಲ್ಲಿ ಹಾರ, ಜಡೆ ತುಂಬಾ ಮೊಗ್ಗು. ಮೆರವಣಿಗೆ ಅಂದುಕೊಂಡು ಇಬ್ಬರೂ ನಗ್ತಾ ಕೂತಿದ್ದಾರೆ! ಹಿಂದೆ ಬ್ಯಾಂಡಿನವರು, ಬ್ಯಾಂಡಿನ ಹಿಂದೆ ಬೀಗರು, ಬೀಗರ ಹಿಂದೆ ಇಡೀ ಛತ್ರ! ಕುಣೀತಾ ಕುಣೀತಾ ಎಲ್ಲರೂ ತಾಯವ್ವನ ಹಿತ್ತಲಿಗೆ ನುಗ್ಗಿದರು. ಗುಂಡಿಯ ಅಂಚಿಗೆ ಗಾಡಿ ಗಕ್ಕನೆ ನಿಂತಿತು.

ತಾಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏದುಸಿರು ಬಿಡುತ್ತಾ ಬಂದಳು. "ಏನೋ ಮಾಡಿದೆ, ಪೆದ್ದ ಮುಂಡೇದೇ!"

"ಒಂದೆಸಳೂ ಉದುರಿಸಿಲ್ಲ ಕಣವ್ವಾ!" ಅಂದ ಚೆನ್ನಿಗ, ಎದೆಯುಬ್ಬಿಸಿ. ಆಮೇಲೆ ಮುಡಿ ತುಂಬ ಸೇವಂತಿಗೆ ಮುಡಿದು ನಿಂತಿದ್ದ ಸರ್ವಮಂಗಳಮ್ಮನವರ ಕಡೆ ತಿರುಗಿ, ಬಗ್ಗಿ, ಭಕ್ತಿಯಿಂದ ಕೈಮುಗಿದ.

"ಅಮ್ಮಾವ್ರೇ, ನೀವು ಹಿರಿಯರು. ಮೊದಲು ನೀವು ಗುಂಡಿಗೆ ಇಳೀರಿ!"