ಬೆವರುವ ಕಂಬಗಳ ಮನೆ

"ಕೇಳಿರಿ, ಊರ ಮಂದಿಯೆಲ್ಲ ಕೇಳಿರಿ! ಮಾರಸೇನ ಮಹಾರಾಜರು ಎರಡು ಮನೆ ಕಟ್ಟಿಸಿದ್ದಾರೆ. ಒಂದು ಈ ಮಹಾಪಟ್ಟಣದ ನಟ್ಟನಡುವೆ, ಏಳು ಉಪ್ಪರಿಗೆಯದು. ಇನ್ನೊಂದು ಕಡಲ ನಡುವಿನ ದ್ವೀಪದಲ್ಲಿ, ತೆಂಗಿನ ತೋಪಿನ ನೆರಳಲ್ಲಿ. ಮೂರು ಒಗಟು ಬಿಡಿಸಿದವನಿಗೆ ಎರಡರಲ್ಲಿ ಬೇಕಾದ ಮನೆ. ತಪ್ಪಿದವನು ಮತ್ತೆ ಹೊರಗೆ ಬರುವಂತಿಲ್ಲ!"

ಹೀಗೆಂದು ಡಂಗುರ ಸಾರಿದ್ದೇ ಸಾರಿದ್ದು, ಪಟ್ಟಣದಲ್ಲಿ ಯಾರಿಗೂ ನಿದ್ದೆಯಿಲ್ಲ. ಗಂಡ ಉಪ್ಪರಿಗೆ ಮನೆಯೇ ಆಗಬೇಕು ಎಂದರೆ, ಹೆಂಡತಿ ದ್ವೀಪವೇ ಬೇಕು ಎಂದು ಮುಖ ಊದಿಸಿಕೊಂಡಳು. ಇನ್ನೂ ಸಿಗದ ಮನೆಗಾಗಿ ಇರುವ ಮನೆಯಲ್ಲಿ ಜಗಳ! ಡಂಗುರದ ಕೊನೆಯ ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಊರಾಚೆ ಚಾಪೆ ಹೆಣೆಯುವ ಸಂಕವ್ವನ ಗುಡಿಸಲಿತ್ತು. ಅವಳಿಗೆ ಭರಮ, ಮುದ್ದ ಎಂದು ಇಬ್ಬರು ಗಂಡುಮಕ್ಕಳು. ಸೋರುವ ಸೂರಿನಡಿ ಬದುಕಿ ಭರಮನಿಗೆ ಸಾಕುಸಾಕಾಗಿತ್ತು. ಡಂಗುರ ಕೇಳಿದವನೇ "ಈ ಗೂಡಲ್ಲಿ ಇರೋಕೆ ಇನ್ನು ನನ್ನ ಕೈಲಾಗಲ್ಲ, ಹೋಗ್ತೀನಿ" ಎಂದು ಸಿಡುಕಿ ಎದ್ದ. ಮನೆಯಿಂದ ಹೊರಡುವವನು ಹೋಗ್ತೀನಿ ಎಂದರೆ ನಮ್ಮಲ್ಲಿ ಯಾವ ತಾಯಿ ಸಹಿಸುತ್ತಾಳೆ? ಸಂಕವ್ವ ಹಿಂದೆಯೇ ಓಡಿ, ಹಾಗನ್ನಬೇಡ ಮಗಾ, ಬರ್ತೀನಿ ಅನ್ನು ಎಂದು ಅಂಗಲಾಚಿದಳು. ಅವನು ತಿರುಗಿಯೂ ನೋಡಲಿಲ್ಲ. ಮರಳಿ ಬರಲೂ ಇಲ್ಲ.

ಅಂದಿನಿಂದ ಅವಳಿಗೆ ಅನ್ನ ಸೇರದು. ಬಾಗಿಲ ಬಳಿ ಕೂತು ದಾರಿ ನೋಡುವುದೊಂದೇ ಕೆಲಸ. ಕಿರಿಯವನಾದ ಮುದ್ದ ಮೊದಲೇ ಪುಕ್ಕಲ, ಹಲ್ಲಿ ಲೊಚಗುಟ್ಟಿದರೂ ಬೆಚ್ಚುವವನು. ಅವನಿಗೆ ಉಪ್ಪರಿಗೆಯೂ ಬೇಡ, ದ್ವೀಪವೂ ಬೇಡ, ಅಣ್ಣ ಬೇಕಿತ್ತು. ಕೊನೆಗೆ ಅವನೇ ಹೊರಟ. ಅವ್ವ ಅವನ ತೋಳು ಹಿಡಿದು ನಿಲ್ಲಿಸಿ, ಬರ್ತೀನವ್ವ ಎಂದು ಬಾಯಿಬಿಟ್ಟು ಹೇಳಿಸಿಕೊಂಡೇ ಬಿಟ್ಟಳು.

ಏಳು ಉಪ್ಪರಿಗೆಯ ಮನೆಯ ಹಜಾರದ ತುಂಬ ಕಂಬಗಳು. ಮುದ್ದ ದಣಿದು ಒಂದಕ್ಕೆ ಒರಗಿದ. ಕಲ್ಲು ಜ್ವರ ಬಂದವರ ಮೈಯಂತೆ ಬಿಸಿಯಾಗಿತ್ತು, ಬೆವರುತ್ತಿತ್ತು. ಹೌಹಾರಿ ತಿರುಗಿ ನೋಡಿದರೆ, ಕಂಬದ ಮೇಲ್ಭಾಗದಲ್ಲಿ ಹರಿದ ಕಿವಿಯೊಂದು ಮೂಡಿತ್ತು. ಚಿಕ್ಕಂದಿನಲ್ಲಿ ಹೋರಿ ತಿವಿದು ಹರಿದಿದ್ದ ಭರಮನ ಎಡಗಿವಿ! ಹೊರಗೆ ಬರುವಂತಿಲ್ಲ ಎಂದರೇನೆಂದು ಆಗ ತಿಳಿಯಿತು. ಓಡಿಹೋಗೋಣವೆಂದರೆ ಬಾಗಿಲು ಹಾಕಿಯಾಗಿತ್ತು.

ಅವತ್ತು ಅವನಲ್ಲದೆ ಇನ್ನೂ ನಾಲ್ವರು ಬಂದಿದ್ದರು. ಮಾರಸೇನ ಪೀಠದಲ್ಲಿ ಕೂತು ಸಣ್ಣ ದನಿಯಲ್ಲಿ ಮೊದಲ ಒಗಟು ಹೇಳಿದ. "ಅದು ಒಳಗಿನದೂ ಅಲ್ಲ, ಹೊರಗಿನದೂ ಅಲ್ಲ. ಅಲ್ಲಾಡದೆ ಬಿದ್ದುಕೊಂಡಿದೆ. ಮನೆಮಂದಿಯೆಲ್ಲ ದಾಟುತ್ತಾರೆ, ಯಾರೂ ತುಳಿಯುವುದಿಲ್ಲ. ಏನದು?"

ರತ್ನದ ವ್ಯಾಪಾರಿಯ ಮಗ ಮುಂದೆ ಬಂದು ಬಾಗಿಲು ಎಂದ. ಬಾಗಿಲು ಅಲ್ಲಾಡುತ್ತದಲ್ಲ ಎಂದ ರಾಜ. ಅಷ್ಟೇ. ಹುಡುಗನ ಪಾದ ನೆಲಕ್ಕೆ ಕಚ್ಚಿಕೊಂಡಿತು, ಕೂಗು ಗಂಟಲಲ್ಲೇ ಉಳಿಯಿತು, ಅಲ್ಲೊಂದು ಹೊಸ ಕಂಬ ನಿಂತಿತು. ರಾಜನ ಕಣ್ಣು ಮುದ್ದನ ಮೇಲೆ ಬಿತ್ತು. ಮುದ್ದನ ಮನಸ್ಸಿಗೆ ಬಂದದ್ದು ಗುಡಿಸಲ ಬಾಗಿಲ ಬಳಿ ಕೂತ ಅವ್ವ. ಹಲ್ಲು ಕಟಕಟ ಎನ್ನುತ್ತಿರುವಾಗಲೇ ಹೊಸಿಲು ಎಂದ. ರಾಜ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದ.

"ಬೇರೆ ದಿನ ಚೆಲ್ಲಿದರೆ ಬೈಗುಳ. ಒಂದು ದಿನ ಮಾತ್ರ, ತಾನಾಗಿ ಚೆಲ್ಲಿದರೆ ಎಲ್ಲರಿಗೂ ಹಿಗ್ಗು, ಚೆಲ್ಲದಿದ್ದರೆ ಅಳುಕು. ಏನದು?"

ಪಂಡಿತನೊಬ್ಬ ಹೋಮದ ತುಪ್ಪ ಎಂದ. ತುಪ್ಪ ತಾನಾಗಿ ಚೆಲ್ಲೀತೇ? ಪಂಡಿತನೂ ಕಲ್ಲಾದ. ಅವ್ವ ಗುಡಿಸಲು ಹಾಕಿದ ದಿನ ಎಲ್ಲಿಂದಲೋ ಒಂದು ಕುಡಿಕೆ ಹಾಲು ಬೇಡಿ ತಂದು ಒಲೆಯ ಮೇಲಿಟ್ಟದ್ದು, ಅದು ಉಕ್ಕಿ ಹರಿದಾಗ ಅಣ್ಣ ಕುಣಿದದ್ದು ಮುದ್ದನಿಗೆ ನೆನಪಾಯಿತು. "ಹೊಸಮನೆ ಒಲೆಯ ಹಾಲು, ಬುದ್ಧಿ" ಎಂದ.

ರಾಜ ಪೀಠದಿಂದ ಎದ್ದ. "ಪಟ್ಟಣದ್ದೊಂದು, ದ್ವೀಪದ್ದೊಂದು. ಎರಡರಲ್ಲಿ ಯಾವುದು ಮನೆ?"

ದಳವಾಯಿ ಎದೆಯುಬ್ಬಿಸಿ, ಪೇಟೆ, ಬೀದಿದೀಪ, ಕಾವಲು ಎಲ್ಲ ಇರುವ ಪಟ್ಟಣದ್ದೇ ಮನೆ ಎಂದ. ಮಾತು ಮುಗಿಯುವ ಮೊದಲೇ ಕಂಬವಾದ. ಉಳಿದ ವೀಣೆಗಾರ, ಹಾಗಾದರೆ ದ್ವೀಪದ್ದೇ ಎಂದು ಉಸುರಿದ. ಅವನೂ ಕಂಬವಾದ.

ಪಟ್ಟಣ ಎಂದರೂ ಸಾವು, ದ್ವೀಪ ಎಂದರೂ ಸಾವು. ಇನ್ನೇನು ಉಳಿಯಿತು? ಮುದ್ದನ ಪಾದಗಳು ಆಗಲೇ ಭಾರವಾಗುತ್ತಿದ್ದವು. ಮುಗಿಯಿತು ನನ್ನ ಕತೆ ಎಂದುಕೊಂಡು, ಕಣ್ಣು ಮುಚ್ಚಿ ಗುಡಿಸಲಿದ್ದ ದಿಕ್ಕಿಗೆ ಕೈಮುಗಿದು, ರೂಢಿಯ ಮಾತೇ ಬಾಯಿಗೆ ಬಂದು, "ಬರ್ತೀನವ್ವ" ಎಂದುಬಿಟ್ಟ.

"ಸಾಯುವವನು ಯಾರಿಗೆ ಬರ್ತೀನಿ ಅಂತೀಯೋ?" ಎಂದು ರಾಜ ಗದರಿದ.

ಮುದ್ದ ಕಣ್ಣು ಬಿಟ್ಟ. "ಅದೇ ಉತ್ತರ, ಬುದ್ಧಿ. ಹೊರಡೋನು ಬರ್ತೀನಿ ಅಂತ ಎಲ್ಲಿ ಹೇಳ್ತಾನೋ ಅದು ಮನೆ. ಆ ಮಾತು ಕೇಳಿಸಿಕೊಳ್ಳೋರು ಈ ಎರಡರಲ್ಲೂ ಯಾರೂ ಇಲ್ಲ. ಎರಡೂ ಮನೆಯಲ್ಲ."

ರಾಜನ ಮುಖ ಕಪ್ಪಿಟ್ಟಿತು. "ನಾನು ಯಾರಿಗೆ ಹೇಳಲಿ?" ಎಂದ. ಮುದ್ದನ ಪಾದಗಳು ಹಗುರಾದವು. ಅವನು ಹರಿದ ಕಿವಿಯ ಕಂಬವನ್ನು ತಬ್ಬಿಕೊಂಡು ಅತ್ತ.

"ಅಣ್ಣಾ, ಅವ್ವ ಕಾಯ್ತಾವ್ಳೆ. ಒಂದ್ಸಲ ಬರ್ತೀನಿ ಅನ್ನು."

ಕಲ್ಲು ಬಿರಿಯಿತು. ಒಳಗಿನಿಂದ ಒಡಕು ದನಿಯಲ್ಲಿ "ಬರ್ತೀನವ್ವ" ಎಂಬ ಮಾತು ಬಂತು, ಅದರ ಹಿಂದೆಯೇ ಭರಮ ಬಂದ. ಆಮೇಲೆ ಹಜಾರದ ತುಂಬ ಅದೇ ದನಿ. ಒಬ್ಬ ಬರ್ತೀನಮ್ಮ ಎಂದ, ಒಬ್ಬ ಬರ್ತೀನಿ ಕಣೇ ಎಂದ. ಕಂಬಗಳೆಲ್ಲ ಮನುಷ್ಯರಾಗಿ ಬಾಗಿಲು ಮುರಿದು ಹೊರಗೋಡಿದರು. ಕಂಬವಿಲ್ಲದ ಏಳು ಉಪ್ಪರಿಗೆ ಹಿಂದೆಯೇ ಕುಸಿಯಿತು. ರಾಜ ದೋಣಿ ಹತ್ತಿ ದ್ವೀಪದ ಕಡೆ ಹೊರಟದ್ದನ್ನು ಕಂಡವರಿದ್ದಾರೆ. ಹೊರಡುವಾಗ ಅವನು ಯಾರಿಗೂ ಏನೂ ಹೇಳಲಿಲ್ಲ.

ಬದುಕಿ ಬಂದವರೆಲ್ಲ ಕೂಡಿ ಮುದ್ದನಿಗೊಂದು ಮನೆ ಕಟ್ಟಿಕೊಡುತ್ತೇವೆ, ಎಲ್ಲಿ ಬೇಕು ಎಂದರು. ಮುದ್ದ ಅವ್ವನ ಮುಖ ನೋಡಿದ. ಎಲ್ಲಾದರೂ ಕಟ್ಟಿ, ಹೊಸಿಲಿಂದ ದಾರಿ ಕಾಣಬೇಕು ಅಷ್ಟೆ ಎಂದಳು ಸಂಕವ್ವ. ಗುಡಿಸಲಿದ್ದಲ್ಲೇ ಸೋರದ ಮನೆ ಎದ್ದಿತು, ಹಾಲೂ ಉಕ್ಕಿತು.

ಅಂದಿನಿಂದ ಭರಮ ಮನೆಯೆದುರಿನ ಬಾವಿಗೆ ನೀರಿಗೆ ಹೊರಟರೂ ಹೊಸಿಲಲ್ಲಿ ನಿಂತು, ಊರಿಗೆಲ್ಲ ಕೇಳುವಂತೆ "ಬರ್ತೀನವ್ವ" ಎನ್ನುತ್ತಿದ್ದ. ಒಳಗಿನಿಂದ "ಹೂಂ, ಬಾ ಮಗಾ" ಎಂದು ಕೇಳಿಸುವತನಕ ಹೆಜ್ಜೆ ಎತ್ತುತ್ತಿರಲಿಲ್ಲ.