ಬಾವಿಗೆ ಇಳಿದವನ ಹಗ್ಗ

“ಗುರುಗಳೇ, ದೇವರ ಮೇಲಿನ ನಂಬಿಕೆ ಅತಿಯಾದದ್ದರಿಂದಲೇ ಅಲ್ಲವೆ ಈ ಹೊಡೆದಾಟವೆಲ್ಲ? ಜನರಲ್ಲಿ ನಂಬಿಕೆಯೇ ಸ್ವಲ್ಪ ಕಡಿಮೆಯಾದರೆ ಇದು ತಾನಾಗಿ ನಿಲ್ಲುವುದಿಲ್ಲವೆ?”

ಕೇಳಿದವನು ಮಠಕ್ಕೆ ಹೊಸದಾಗಿ ಸೇರಿದ ಶಿಷ್ಯ. ದೇವರ ಹೆಸರು ಕೂಗುತ್ತಾ ಬಂದ ಗುಂಪೊಂದು ಅವನ ಊರಿನ ಸಂತೆಗೆ ಬೆಂಕಿಯಿಟ್ಟು ಇನ್ನೂ ತಿಂಗಳಾಗಿರಲಿಲ್ಲ. ಗುರುಗಳು ಕೈಯಲ್ಲಿದ್ದ ಜಪಮಣಿಯನ್ನು ಮಡಿಲಲ್ಲಿಟ್ಟು, ಕೂತುಕೋ ಎಂದು ಸನ್ನೆ ಮಾಡಿ, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಎರಡು ಬೀದಿ, ಎರಡು ದೇವರು, ಒಂದೇ ಬಾವಿ. ಮೂಡಣ ಬೀದಿಯ ದೇವರಿಗೂ ಪಡುವಣ ಬೀದಿಯ ದೇವರಿಗೂ ನೀರು ಅಲ್ಲಿಂದಲೇ. ಪ್ರತಿ ಬೇಸಗೆಯಲ್ಲಿ ಆ ಬಾವಿಯ ಹೂಳೆತ್ತಬೇಕು. ಅದಕ್ಕೆ ಹಿಂದಿನವರು ಒಂದು ಕಟ್ಟಳೆ ಮಾಡಿದ್ದರು. ಇಳಿಯುವವನು ಒಂದು ಬೀದಿಯವನಾದರೆ, ಮೇಲೆ ನಿಂತು ಅವನ ಸೊಂಟದ ಹಗ್ಗ ಹಿಡಿಯುವವನು ಇನ್ನೊಂದು ಬೀದಿಯವನಾಗಬೇಕು. ಅರ್ಧ ಹೂಳು ಎತ್ತಿದ ಮೇಲೆ ಸರದಿ ಬದಲಾಗಬೇಕು.

ಆ ಊರಿಗೆ ಒಬ್ಬ ಬೋಧಕ ಬಂದ. ಮೂಡಣ ಬೀದಿಯ ಯುವಕರನ್ನು ಕೂಡಿಸಿ ದೇವರ ಪಡೆ ಕಟ್ಟಿದ. ಅದನ್ನು ಕಂಡು ಪಡುವಣ ಬೀದಿಯವರೂ ಒಂದು ಪಡೆ ಕಟ್ಟಿದರು. ಒಂದು ಹಬ್ಬದ ದಿನ ಕಲ್ಲು ತೂರಾಟವಾಯಿತು. ಮೂಡಣ ಬೀದಿಯ ಒಬ್ಬ ಗಾಣಿಗನ ಮಗನಿಗೆ ಒಂದು ಕಣ್ಣು ಹೋಯಿತು. ಗಾಣಿಗ ದೈವಭಕ್ತ. ಗಾಣದಿಂದ ಇಳಿದ ಮೊದಲ ಎಣ್ಣೆಯನ್ನು ದೇವರ ದೀಪಕ್ಕೆ ಕೊಡದೆ ಎಂದೂ ಮಾರಿದವನಲ್ಲ. ಕಲ್ಲು ತೂರಿದ ಗುಂಪಿನಲ್ಲಿ ಪಡುವಣ ಬೀದಿಯ ಒಬ್ಬ ನೇಕಾರನಿದ್ದದ್ದನ್ನು ಅವನು ಕಣ್ಣಾರೆ ಕಂಡಿದ್ದ.

ಮೂರು ವರ್ಷ ಬಾವಿಗೆ ಯಾರೂ ಇಳಿಯಲಿಲ್ಲ. ಅವರ ಕೈಗೆ ಹಗ್ಗ ಕೊಟ್ಟು ಇಳಿಯಲು ಇವರಿಗೆ ಭಯ. ಇವರು ತಮ್ಮವರನ್ನೇ ಮೇಲೆ ನಿಲ್ಲಿಸಿಕೊಂಡು ಇಳಿದರೆ ನೀರಿಗೆ ಏನು ಹಾಕುತ್ತಾರೋ ಎಂದು ಅವರಿಗೆ ಅನುಮಾನ. ನಾಲ್ಕನೆಯ ಬೇಸಗೆಗೆ ಕೊಡದಲ್ಲಿ ಕೆಸರು ಬಂತು. ಎರಡು ಗುಡಿಯಲ್ಲೂ ದೇವರ ಮೈ ಕೆಸರು ವಾಸನೆ ಹೊಡೆಯಿತು. ಆಗ ಹಿರಿಯರು ಬಾಯಿ ಬಿಟ್ಟು, ಹಳೆಯ ಕಟ್ಟಳೆಯಂತೆ ಹೂಳೆತ್ತಲೇಬೇಕು ಅಂದರು. ಮೊದಲು ಇಳಿಯುವ ಸರದಿ ಪಡುವಣ ಬೀದಿಯದು. ಒಪ್ಪಿದವನು ಆ ನೇಕಾರನೊಬ್ಬನೇ. ಯಾಕೆ ಒಪ್ಪಿದನೆಂದು ಅವನು ಯಾರಿಗೂ ಹೇಳಲಿಲ್ಲ. ಹಗ್ಗ ಹಿಡಿಯಲು ಮೂಡಣ ಬೀದಿಯವರು ಗಾಣಿಗನನ್ನು ಮುಂದೆ ಮಾಡಿದರು. ಅವನ ತೋಳಿನಷ್ಟು ಗಟ್ಟಿ ತೋಳು ಊರಲ್ಲಿ ಬೇರೆ ಇರಲಿಲ್ಲ.

ನೇಕಾರ ಅರ್ಧ ಬಾವಿ ಇಳಿದಿದ್ದಾಗ ಬೋಧಕ ತನ್ನ ಪಡೆಯೊಡನೆ ಬಂದು ಗಾಣಿಗನ ಪಕ್ಕದಲ್ಲಿ ನಿಂತ.

“ಮಗನ ಕಣ್ಣು ಮರೆತಿರಾ ಯಜಮಾನರೇ? ದೇವರೇ ಇವನನ್ನು ನಿಮ್ಮ ಕೈಗೆ ಕೊಟ್ಟಿದ್ದಾನೆ. ಕೈ ಜಾರಿತು ಅಂದರೆ ಕೇಳುವವರು ಯಾರು?”

ಗಾಣಿಗರ ಕೈ, ಎಣ್ಣೆ ಮೆತ್ತಿದ ಕೈ, ಜಾರದೆ ಇರುತ್ತದೆಯೇ ಎಂದು ಪಡೆಯವನೊಬ್ಬ ನಕ್ಕ.

ಗಾಣಿಗನ ಹಿಡಿತ ಸಡಿಲವಾಯಿತು. ಹಗ್ಗ ಒಂದು ಗೇಣು ಕೆಳಕ್ಕೆ ಹೋಯಿತು. ಬಾವಿ ಮಾತನ್ನು ಬಚ್ಚಿಡುವುದಿಲ್ಲ, ಆಡಿದ್ದೆಲ್ಲ ಕೆಳಗೆ ಕೇಳಿತ್ತು. ನೇಕಾರನ ಮೈಯ ನಡುಕ ಹಗ್ಗದಗುಂಟ ಹತ್ತಿ ಬಂದು ಗಾಣಿಗನ ಅಂಗೈ ಮುಟ್ಟಿತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ದಿನ ಮಗನೂ ಅವನ ತೋಳಿನಲ್ಲಿ ಹೀಗೆಯೇ ನಡುಗಿದ್ದ. ಗಾಣಿಗ ಬಾವಿಕಟ್ಟೆಗೆ ಕಾಲು ಕೊಟ್ಟು ಹಗ್ಗವನ್ನು ಬಿಗಿಹಿಡಿದ.

“ದೇವರು ನನ್ನ ಕೈಗೆ ಕೊಟ್ಟದ್ದು ಹಗ್ಗ, ಸ್ವಾಮಿ,” ಅಂದ. “ಮಿಕ್ಕದ್ದು ನೀವು ಕೊಡುತ್ತಿರುವುದು.”

ಆಮೇಲೆ ಬಾವಿಯೊಳಕ್ಕೆ ಬಗ್ಗಿ, ಹೊತ್ತೇರುತ್ತಿದೆ, ಬೇಗ ಬುಟ್ಟಿ ತುಂಬಿಸಪ್ಪ ಎಂದು ಕೂಗಿದ.

ನಡುಹಗಲಿಗೆ ನೇಕಾರ ಎದೆಯುದ್ದ ಕೆಸರಾಗಿ ಮೇಲೆ ಬಂದ. ಅಷ್ಟರಲ್ಲಿ ಪಡುವಣ ಬೀದಿಯ ಪಡೆಯೂ ಕೋಲು ಹಿಡಿದು ಬಂದು ನಿಂತಿತ್ತು. ಈಗ ಇಳಿಯುವ ಸರದಿ ಮೂಡಣ ಬೀದಿಯವರದು. ಯಾರೂ ಮುಂದೆ ಬರಲಿಲ್ಲ. ಅರ್ಧ ಹೂಳು ಹೋಯಿತಲ್ಲ, ಈ ವರ್ಷಕ್ಕೆ ಸಾಕು ಅಂದರು. ಗಾಣಿಗ ನೇಕಾರನ ಸೊಂಟದ ಹಗ್ಗ ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ನೇಕಾರನ ಕೈಗಿಟ್ಟ. ತನ್ನ ಗುಡಿಯ ಕಡೆ ತಿರುಗಿ ಕೈಮುಗಿದು ಇಳಿದ.

ಪಡುವಣ ಬೀದಿಯ ಪಡೆಯವರು ನೇಕಾರನ ಕಿವಿಯಲ್ಲಿ ಏನೇನು ಹೇಳಿದರೋ. ಅವನು ತಿರುಗಿ ನೋಡಲಿಲ್ಲ. ಕೆಸರಿನ ಬುಟ್ಟಿಗಳು ಒಂದರ ಹಿಂದೊಂದು ಮೇಲೆ ಬರತೊಡಗಿದವು. ಹೊತ್ತು ಹಾಕಲು ಜನ ಸಾಲದಾಯಿತು. ಕೋಲು ಹಿಡಿದ ಕೈಯಲ್ಲಿ ಬುಟ್ಟಿ ಹಿಡಿಯಲಾಗುವುದಿಲ್ಲ. ಮೊದಲು ಒಬ್ಬ ತನ್ನ ಕೋಲನ್ನು ಕಟ್ಟೆಗೆ ಒರಗಿಸಿದ. ಹೊತ್ತು ಇಳಿಯುವಾಗ ಎರಡೂ ಪಡೆಯ ಅರ್ಧ ಜನ ಮೊಣಕೈವರೆಗೆ ಕೆಸರಾಗಿದ್ದರು. ಬೋಧಕ ಆ ಊರಲ್ಲಿ ಇನ್ನೂ ಸ್ವಲ್ಪ ದಿನ ಇದ್ದು, ಕೇಳುವವರು ಕಡಿಮೆಯಾದ ಮೇಲೆ ಬೇರೆ ಊರಿಗೆ ಹೋದ. ಗಾಣಿಗನ ಮಗನಿಗೆ ಹೋದ ಕಣ್ಣು ಬರಲಿಲ್ಲ. ಆದರೆ ಆ ಊರಿನಲ್ಲಿ ಮತ್ತೆ ಯಾರ ಕಣ್ಣೂ ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ.

“ಗಾಣಿಗ ಹಗ್ಗ ಬಿಡದೆ ಇದ್ದದ್ದು ಸರಿ, ಗುರುಗಳೇ. ಆದರೆ ನೇಕಾರ ಬಿಡುವುದಿಲ್ಲ ಅಂತ ಅವನಿಗೆ ಹೇಗೆ ಗೊತ್ತಿತ್ತು?”

ಗುರುಗಳು ಜಪಮಣಿಯನ್ನು ಮತ್ತೆ ಕೈಗೆ ತೆಗೆದುಕೊಂಡರು.

“ಗೊತ್ತಿದ್ದಿದ್ದರೆ, ಮಗು, ಅವನಿಗೆ ದೇವರ ಮೇಲೆ ನಂಬಿಕೆ ಯಾಕೆ ಬೇಕಾಗುತ್ತಿತ್ತು?”