ಅರಸನ ಬಿಕ್ಕಳಿಕೆಗೂ ಅಪ್ಪಣೆ ಬೇಕು

ತುಂಬೆಕೋಟೆಯ ಅರಸ ಉದ್ದಂಡರಾಯನಿಗೆ ಊಟವಾದ ಮೇಲೆ ಒಂದಿಷ್ಟು ಜಂಬ ಕೊಚ್ಚದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಅವತ್ತೂ ತುಂಬಿದ ಸಭೆಯಲ್ಲಿ ಮೀಸೆ ತೀಡುತ್ತಾ ಶುರುಮಾಡಿದ.

"ನಮ್ಮ ಅರಮನೆಯಲ್ಲಿ ಚಾಕರಿ ಮಾಡುವವರಿಗೆ ಕಾಯಿಲೆಯಾದರೆ ಔಷಧಿ ಪುಕ್ಕಟೆ! ಯಾವ ರಾಜ್ಯದಲ್ಲಿದೆ ಇದು? ನಾನೂ ಈ ರಾಜ್ಯದ ಚಾಕರನೇ. ನನಗೊಂದು ನಿಯಮ, ಲಾಯ ಗುಡಿಸುವವನಿಗೊಂದು ನಿಯಮ ಇಲ್ಲಿಲ್ಲ. ಔಷಧಿ ಸಿಗದ ಒಬ್ಬನನ್ನು ತೋರಿಸಿ ನೋಡೋಣ!"

ಸಭೆ ಚಪ್ಪಾಳೆ ತಟ್ಟಿತು. ವಿದೂಷಕ ಪುಟ್ಟರಸ ಮಾತ್ರ ಸುಮ್ಮನೆ ಹೊರಗೆ ಹೋಗಿ, ಮಾವುತ ಜಡೆಯನನ್ನು ಕರೆದುಕೊಂಡು ಬಂದ. ಆನೆ ಮೈ ಕೊಡವಿದಾಗ ಬಿದ್ದು ಜಡೆಯನ ಬಲಭುಜದ ಕೀಲು ತಪ್ಪಿತ್ತು. ಕೈ ಒಣಗಿದ ಪಡವಲಕಾಯಿಯ ಹಾಗೆ ಜೋತಾಡುತ್ತಿತ್ತು.

"ಇವನನ್ನು ನೋಡಿ ಮಹಾಪ್ರಭು."

ಅರಮನೆಯ ವೈದ್ಯ ಮುದ್ದಣ್ಣ ಪಂಡಿತರು ಮುಖ ಸಣ್ಣದು ಮಾಡಿಕೊಂಡರು. "ಒಂದು ಸಲ ಎಳೆದು ಕೂರಿಸಿದರೆ ಸರಿಹೋಗುತ್ತೆ ಪ್ರಭು. ಇನ್ನೂ ತಡವಾದರೆ ಕೈ ಹೀಗೇ ಸೆಟೆದುಕೊಳ್ಳುತ್ತೆ. ಆಮೇಲೆ ಇವನು ಆನೆ ಹತ್ತುವ ಆಸೆ ಬಿಡಬೇಕು. ಆದರೆ ಅಪ್ಪಣೆಯಿಲ್ಲದೆ ನಾನು ಮುಟ್ಟುವ ಹಾಗಿಲ್ಲ."

"ಯಾರ ಅಪ್ಪಣೆ?"

ಪ್ರಧಾನಿ ಶೇಷಗಿರಯ್ಯ ಗಂಟಲು ಸರಿಮಾಡಿಕೊಂಡು ಎದ್ದ. ಈ ಮನುಷ್ಯನಿಗೆ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಒಂದು ಹೊಸ ನಿಯಮ, ಉಜ್ಜಿದ ಮೇಲೆ ಅದಕ್ಕೊಂದು ತಿದ್ದುಪಡಿ ಮಾಡದಿದ್ದರೆ ಸಮಾಧಾನವಿರಲಿಲ್ಲ. "ನನ್ನ ಅಪ್ಪಣೆ ಪ್ರಭು. ರೋಗಿ ಬಲಗೈ ಮೇಲೆತ್ತಿ, ತಡವರಿಸದೆ, ತನ್ನ ರೋಗ ನಿಜವೆಂದು ಪ್ರಮಾಣ ಮಾಡಬೇಕು. ಇವನು ಕೈಯನ್ನೇ ಎತ್ತಲಿಲ್ಲ."

"ಕೈ ಎತ್ತೋ ಹಂಗಿದ್ರೆ ನಾನ್ಯಾಕೆ ಬತ್ತಿದ್ದೆ ಬುದ್ದೀ?" ಎಂದು ಜಡೆಯ ಗೋಳಾಡಿದ. "ಎಡಗೈ ಎತ್ತುತೀನಿ ಅಂದೆ. ಅದಕ್ಕೆ ನಿಯಮ ಇಲ್ವಂತೆ. ಪ್ಯಾಟೆ ವೈದ್ಯರತ್ರ ಹೋಯ್ತೀನಿ ಅಂದೆ. ಹೊರಗೆ ತೋರಿಸ್ದೋರಿಗೆ ಕೆಲಸಾನೇ ಇಲ್ವಂತೆ!"

"ನಾವೇನು ಇಲ್ಲ ಅಂದಿಲ್ಲ ಪ್ರಭು," ಎಂದ ಪ್ರಧಾನಿ. "ಅವನ ಪ್ರಮಾಣ ಬಾಕಿಯಿದೆ, ಅಷ್ಟೆ."

ಅರಸನಿಗೆ ಬಹಳ ಸಮಾಧಾನವಾಯಿತು. "ಕೇಳಿದೆಯಾ ಪುಟ್ಟರಸ? ಇಲ್ಲ ಅಂದಿಲ್ಲವಂತೆ! ಕೈ ಎತ್ತಿ ಎರಡು ಮಾತು ಹೇಳುವುದೇನು ಮಹಾ? ನಾನಾಗಿದ್ದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಸುತ್ತಿದ್ದೆ."

"ಮಹಾಪ್ರಭುಗಳ ಮಾತನ್ನು ಸಭೆಯವರೆಲ್ಲ ಕೇಳಿಸಿಕೊಂಡಿದ್ದಾರೆ," ಎಂದು ಪುಟ್ಟರಸ ಕೈಮುಗಿದು ಅಡುಗೆಮನೆಯ ಕಡೆ ಹೊರಟ.

ಅರಸನಿಗೆ ಹುರಿಹಿಟ್ಟಿನ ಉಂಡೆ ಅಂದರೆ ಪ್ರಾಣ. ಪುಟ್ಟರಸ ಒಂದು ತಟ್ಟೆ ತುಂಬ ತಂದಿಟ್ಟ. ತುಪ್ಪ ಕಮ್ಮಿ, ಹಿಟ್ಟು ಜಾಸ್ತಿ. ಅರಸ ಇಡೀ ಉಂಡೆಯನ್ನು ಬಾಯಿಗೆ ಹಾಕಿಕೊಂಡ ಗಳಿಗೆ ನೋಡಿ ಪುಟ್ಟರಸ ಎದುರು ನಿಂತ. ಹೊಟ್ಟೆ ಮುಂದೆ ಮಾಡಿ, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡು, ಶೇಷಗಿರಯ್ಯ ಸೀನುವುದಕ್ಕೆ ಮೊದಲು ತನಗೆ ತಾನೇ ಅಪ್ಪಣೆ ಕೊಟ್ಟುಕೊಳ್ಳುವ ವೈಖರಿಯನ್ನು ಅಭಿನಯಿಸಿ ತೋರಿಸಿದ.

ಅರಸ ಪಕ್ಕನೆ ನಕ್ಕ. ಹಿಟ್ಟು ಹೊಗೆಯ ಹಾಗೆ ಹಾರಿ ಪ್ರಧಾನಿಯ ಪೇಟದ ಮೇಲೆ ಕೂತಿತು. ಆಮೇಲೆ ಕೇಳಿಸಿತು ನೋಡಿ.

"ಹಿಕ್!"

ನೀರು ಕುಡಿಸಿದರು, ಬೆನ್ನು ತಟ್ಟಿದರು. ನಿಲ್ಲಲಿಲ್ಲ. ಕಿರೀಟ ಒಂದೊಂದು ಬಿಕ್ಕಿಗೂ ಮೇಲೆದ್ದು ಕೂರುತ್ತಿತ್ತು.

"ಪಂಡಿ... ಹಿಕ್... ತರೇ, ಔಷ... ಹಿಕ್!"

ಪಂಡಿತರು ಓಡಿ ಬಂದರು. ಪುಟ್ಟರಸ ಅಡ್ಡ ನಿಂತ. "ಮುಟ್ಟಬೇಡಿ! ಅಪ್ಪಣೆ ಎಲ್ಲಿ?"

"ಪ್ರಭುಗಳಿಗೆ ನಿಯಮ ಇಲ್ಲಯ್ಯಾ!" ಎಂದು ಕಿರುಚಿದ ಶೇಷಗಿರಯ್ಯ.

"ಅಂದರೆ ಪ್ರಭುಗಳು ಈಗತಾನೆ ಆಡಿದ್ದು ಸುಳ್ಳೋ?"

ಅರಸನಿಗೆ ರೋಷ ಬಂತು. ಬಲಗೈ ಎತ್ತಿ ಪ್ರಮಾಣಕ್ಕೆ ನಿಂತೇಬಿಟ್ಟ. "ಉದ್ದಂಡ... ಹಿಕ್... ರಾಯನಾದ ನಾ... ಹಿಕ್!"

"ತಡವರಿಸಿದರು! ಮೊದಲಿಂದ."

"ಉದ್... ಹಿಕ್!"

"ಛೆ, ಹೆಸರೇ ಪೂರ್ತಿಯಾಗಲಿಲ್ಲ. ಪ್ರಧಾನಿಗಳೇ, ಇನ್ನೊಂದು ನಿಯಮವಿತ್ತಲ್ಲ? ಚಾಕರಿಗೆ ಸೇರುವ ಮೊದಲೇ ಇದ್ದ ಕಾಯಿಲೆಗೆ?"

"ಅದಕ್ಕೆ... ಔಷಧಿಯಿಲ್ಲ," ಎಂದ ಶೇಷಗಿರಯ್ಯ ನೆಲ ನೋಡುತ್ತಾ.

ಮೇಲಿನ ಉಪ್ಪರಿಗೆಯಲ್ಲಿ ಕೂತಿದ್ದ ರಾಜಮಾತೆಗೆ ಮಗನ ಹೊಗಳಿಕೆ ನಡೆಯುತ್ತಿದೆ ಅನ್ನಿಸಿತೋ ಏನೋ. "ಅಯ್ಯೋ, ಇವನು ತೊಟ್ಟಿಲಲ್ಲೇ ಬಿಕ್ಕುತ್ತಿದ್ದ! ಪಟ್ಟಕ್ಕೆ ಕೂತ ದಿನವೂ ಬಿಕ್ಕಿದ್ದೇ!" ಎಂದು ಕೂಗಿ ಹೇಳಿದಳು.

ಸಭೆ ಹೊಟ್ಟೆ ಹಿಡಿದುಕೊಂಡು ಉರುಳಾಡಿತು. ನೋವಿನಲ್ಲೂ ಜಡೆಯ ಕಿಸಕ್ಕೆಂದ.

"ಹೊರ... ಹಿಕ್... ಗಿನ ವೈದ್ಯರನ್ನು ಕರೆ... ಹಿಕ್... ಸಿ!" ಎಂದು ಅರಸ ಗುಡುಗಿದ.

"ಧಾರಾಳವಾಗಿ ತೋರಿಸಿ ಮಹಾಪ್ರಭು," ಎಂದು ಪುಟ್ಟರಸ ಸಿಂಹಾಸನದ ಮೆಟ್ಟಿಲು ಹತ್ತಿ, ಎರಡೂ ಕೈ ಚಾಚಿದ. "ಹೊರಗೆ ತೋರಿಸಿಕೊಂಡವರಿಗೆ ಕೆಲಸವಿಲ್ಲ. ಕಿರೀಟ ಇತ್ತ ಕೊಡಿ."

ಅರಸ ಹೌಹಾರಿದ. ಎರಡೂ ಕೈಯಲ್ಲಿ ಕಿರೀಟವನ್ನು ಅವುಚಿ ಹಿಡಿದುಕೊಂಡು, ಕಣ್ಣು ಪಿಳಿಪಿಳಿ ಬಿಟ್ಟ.

ಬಿಕ್ಕಳಿಕೆ ನಿಂತಿತ್ತು.

"ನಿಂತುಹೋಯ್ತಲ್ಲೋ! ಏನು ಔಷಧಿ ಕೊಟ್ಟೆ?"

"ಗಾಬರಿ, ಮಹಾಪ್ರಭು. ಬಿಕ್ಕಳಿಕೆಗೆ ಅದು ರಾಮಬಾಣ. ಈ ಅರಮನೆಯಲ್ಲಿ ಪುಕ್ಕಟೆಯಾಗಿ ಸಿಗುವ ಔಷಧಿ ಅದೊಂದೇ. ಆದರೆ ಜಡೆಯನಿಗೆ ಬಿಕ್ಕಳಿಕೆಯಿಲ್ಲ, ಭುಜ ತಪ್ಪಿದೆ. ಅದಕ್ಕೆ ಗಾಬರಿ ಸಾಲುತ್ತಿಲ್ಲ."

ಅರಸ ಒಂದು ಗಳಿಗೆ ಜಡೆಯನ ಕೈಯನ್ನೇ ನೋಡಿದ. ನಾಚಿಕೆಯಿಂದ ಅವನ ಮುಖ ಕೆಂಪಾಯಿತು. "ಪಂಡಿತರೇ, ಯಾಕೆ ನಿಂತಿದ್ದೀರಿ? ಎಳೆಯಿರಿ! ಇನ್ನು ಮೇಲೆ ಮೊದಲು ಔಷಧಿ, ಆಮೇಲೆ ಮಾತು. ಶೇಷಗಿರಯ್ಯ, ಇದಕ್ಕೆ ತಿದ್ದುಪಡಿ ಮಾಡಿದೆಯೋ, ನಿನಗೆ ಆನೆ ಲಾಯದಲ್ಲಿ ಲದ್ದಿ ಬಾಚುವ ಕೆಲಸ!"

ಲಟಕ್ಕೆಂದು ಕೀಲು ಕೂತಿತು. "ಅಯ್ಯಯ್ಯಪ್ಪೋ!" ಎಂದ ಜಡೆಯ, ಮರುಗಳಿಗೆಯೇ ನಗುತ್ತಾ ಕಣ್ಣೊರೆಸಿಕೊಂಡ.

ಅರಸ ಗಹಗಹಿಸಿ ನಗುತ್ತಾ ಕೊರಳಿನ ಮುತ್ತಿನ ಹಾರ ತೆಗೆದ. "ತಗೊಳ್ಳೋ ಪುಟ್ಟರಸ, ನಿನಗೆ ಬಹುಮಾನ!"

ಪುಟ್ಟರಸ ಹಾರ ಮುಟ್ಟಲಿಲ್ಲ. ಪ್ರಧಾನಿಯ ಕಡೆ ತಿರುಗಿ, ಬಹಳ ವಿನಯದಿಂದ ಕೇಳಿದ: "ಸ್ವಾಮೀ, ಇದಕ್ಕೆ ಯಾವ ಕೈ ಎತ್ತಬೇಕು?"